ಗಣಕದ ಸ್ಮೃತಿ ಮತ್ತು ವಿಳಾಸದ ಮಿತಿ

ಛಂದಸ್ಸನ್ನು ಅಭ್ಯಸಿಸಿದವರಿಗೆ ಪ್ರಸ್ತಾರಕ್ರಮ ಹೊಸದಲ್ಲ. ಲಘು, ಗುರು ಎಂಬ ಎರಡೇ ಭೇದಗಳಿಂದ ಮೂರು ಅಕ್ಷರಗಳಲ್ಲಿ ಎಂಟು ಗಣಗಳು ಹುಟ್ಟುತ್ತವೆ. ಒಂದೊಂದು ಅಕ್ಷರ ಹೆಚ್ಚಿದಂತೆಲ್ಲ ಈ ಸಂಖ್ಯೆ ಇಮ್ಮಡಿಯಾಗುತ್ತದೆ. ಪಿಂಗಳನಿಂದ ಬಂದ ಈ ಶಾಸ್ತ್ರವನ್ನು ಕನ್ನಡದಲ್ಲಿ ನಿರೂಪಿಸಿದ ಕೃತಿ ನಾಗವರ್ಮನ ‘ಛಂದೋಂಬುಧಿ’. ಗಣಕಯಂತ್ರದ ಸ್ಮೃತಿಗೆ ಮಿತಿ ಏಕೆ ಒದಗಿತೆಂಬುದನ್ನು ಅರಿಯಲು ಇದೇ ಲೆಕ್ಕ ಸಾಕು.

ಗಣಕದ ಸ್ಮೃತಿಯೆಂದರೆ ಸಾಲಾಗಿ ಜೋಡಿಸಿದ ಮನೆಗಳು. ಪ್ರತಿಯೊಂದು ಮನೆಗೂ ಒಂದು ಕ್ರಮಸಂಖ್ಯೆಯುಂಟು. ಅದೇ ಅದರ ವಿಳಾಸ. ಸಂಸ್ಕಾರಕವು ಈ ವಿಳಾಸವನ್ನು ಹಲವು ತಂತಿಗಳ ಮೂಲಕ ಕಳುಹಿಸುತ್ತದೆ. ಒಂದೊಂದು ತಂತಿಯಲ್ಲಿ ಸೊನ್ನೆ ಅಥವಾ ಒಂದು ಎಂಬ ಎರಡೇ ಸ್ಥಿತಿಗಳು ಸಾಧ್ಯ. ಆದ್ದರಿಂದ ಹತ್ತು ತಂತಿಗಳಿದ್ದರೆ 1,024 ಮನೆಗಳನ್ನು ಗುರುತಿಸಬಹುದು. ಅದರಾಚೆಯ ಮನೆ ಇದ್ದೂ ಇಲ್ಲದಂತೆಯೇ ಸರಿ.

ಭಾರತದಲ್ಲಿ ಗಣಕದ ಚರಿತ್ರೆ ಆರಂಭವಾಗುವುದೇ ಈ 1,024ರಿಂದ. ಪ್ರಶಾಂತಚಂದ್ರ ಮಹಲನೋಬಿಸರು 1931ರಲ್ಲಿ ಕಲ್ಕತ್ತೆಯಲ್ಲಿ, ಎಂದರೆ ಇಂದಿನ ಕೋಲ್ಕತ್ತದಲ್ಲಿ, ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1955ರಲ್ಲಿ ಇಂಗ್ಲೆಂಡಿನಿಂದ ಎಚ್‌ಇಸಿ-2ಎಂ ಎಂಬ ಯಂತ್ರ ಬಂದಿತು. ಅದರ ಸ್ಮೃತಿ ತಿರುಗುವ ಕಾಂತೀಯ ಡೋಲಿನ ಮೇಲಿತ್ತು. ಅದರಲ್ಲಿದ್ದ ಪದಸ್ಥಾನಗಳು 1,024. ಆದರೆ ಆ ಕಾಲದ ನಿಜವಾದ ಕೊರತೆ ವಿಳಾಸದ್ದಾಗಿರಲಿಲ್ಲ. ಸ್ಮೃತಿಯೇ ದುಬಾರಿಯಾಗಿತ್ತು. ಉಗ್ರಾಣ ಕಿರಿದಾಗಿರುವಾಗ ಬಾಗಿಲ ಸಂಖ್ಯೆಗಳು ಮುಗಿದಾವೆಂಬ ಚಿಂತೆ ಯಾರಿಗೂ ಬರುವುದಿಲ್ಲ.

ಸ್ಮೃತಿ ಅಗ್ಗವಾಗುತ್ತ ಬಂದಂತೆ ಈ ಸ್ಥಿತಿ ತಲೆಕೆಳಗಾಯಿತು. 1974ರ ಇಂಟೆಲ್ 8080 ಸಂಸ್ಕಾರಕಕ್ಕೆ ಹದಿನಾರು ವಿಳಾಸ ತಂತಿಗಳಿದ್ದವು. ಅದು ಮುಟ್ಟಬಲ್ಲ ಮನೆಗಳು 65,536. 1978ರ 8086ರಲ್ಲಿ ತಂತಿಗಳು ಇಪ್ಪತ್ತಾದವು. ಮನೆಗಳು 10,48,576, ಎಂದರೆ ಒಂದು ಮೆಗಾಬೈಟ್. ಇಪ್ಪತ್ತಕ್ಷರದ ಕೃತಿ ಛಂದಸ್ಸಿನಲ್ಲಿ ಸಾಧ್ಯವಿರುವ ಸಮವೃತ್ತಗಳ ಸಂಖ್ಯೆಯೂ ಇಷ್ಟೇ. ಉತ್ಪಲಮಾಲೆ, ಮತ್ತೇಭವಿಕ್ರೀಡಿತಗಳು ಆ ರಾಶಿಯಲ್ಲಿ ಎರಡು ಮಾತ್ರ.

ಇಲ್ಲೊಂದು ತೊಡಕಿತ್ತು. 8086ರ ಒಳಗಿನ ಸಂಖ್ಯಾಕೋಶಗಳು ಹದಿನಾರು ಅಂಕಗಳವು. ಇಪ್ಪತ್ತು ಅಂಕಗಳ ವಿಳಾಸ ಅವುಗಳಲ್ಲಿ ಹಿಡಿಯದು. ಆದಕಾರಣ ವಿಳಾಸವನ್ನು ಎರಡಾಗಿ ಒಡೆಯಲಾಯಿತು. ಚಂಪೂಕಾವ್ಯದ ಪದ್ಯವನ್ನು ಆಶ್ವಾಸದ ಸಂಖ್ಯೆ, ಪದ್ಯದ ಸಂಖ್ಯೆ ಎಂದು ಸೂಚಿಸುವ ಪದ್ಧತಿಯನ್ನು ಇದು ನೆನಪಿಗೆ ತರುತ್ತದೆ. ವಿಭಾಗದ ಸಂಖ್ಯೆಯನ್ನು ಹದಿನಾರರಿಂದ ಗುಣಿಸಿ, ಅದಕ್ಕೆ ಒಳಗಿನ ಅಂತರವನ್ನು ಕೂಡಿದರೆ ವಿಳಾಸ ದೊರೆಯುತ್ತದೆ. ಆದರೆ ಆಶ್ವಾಸಗಳು ಒಂದರ ಮೇಲೊಂದು ಹಾಯುವುದಿಲ್ಲ. ಈ ವಿಭಾಗಗಳು ಹಾಯುತ್ತವೆ. ಹೀಗಾಗಿ ಒಂದೇ ಮನೆಗೆ ಹಲವು ವಿಳಾಸಗಳು ಉಂಟಾಗುತ್ತಿದ್ದವು.

1981ರಲ್ಲಿ ಐಬಿಎಂ ಸಂಸ್ಥೆ ತನ್ನ ವೈಯಕ್ತಿಕ ಗಣಕವನ್ನು ಇದೇ ಮನೆತನದ 8088ರಿಂದ ನಿರ್ಮಿಸಿತು. ಅಲ್ಲಿ ವಿಳಾಸಕ್ಷೇತ್ರದ ಮೇಲಿನ 384 ಕಿಲೋಬೈಟ್ ತೆರೆ ಮೊದಲಾದ ಉಪಕರಣಗಳಿಗೆ ಮೀಸಲಾಗಿ, ಬಳಕೆಯ ಕಾರ್ಯಕ್ರಮಗಳಿಗೆ ಉಳಿದದ್ದು 640. ಮುಂದೆ 1982ರ 80286 ಇಪ್ಪತ್ತನಾಲ್ಕು, 1985ರ 80386 ಮೂವತ್ತೆರಡು ತಂತಿಗಳ ವಿಳಾಸವನ್ನು ತಂದವು. ಆದರೂ ಹಳೆಯ ಯಂತ್ರಕ್ಕೆಂದು ಬರೆದ ಕಾರ್ಯಕ್ರಮಗಳು ಹಳೆಯ ಎಲ್ಲೆಯನ್ನೇ ಹೊತ್ತು ತಂದವು. ಯಂತ್ರವನ್ನು ಬದಲಿಸುವುದು ಸುಲಭ; ಅದರ ಮಿತಿಯನ್ನು ನಂಬಿ ಬೆಳೆದ ರೂಢಿಯನ್ನು ಬದಲಿಸುವುದು ಕಷ್ಟ.

ಈ ಪಾಠ ಯಂತ್ರಶಾಸ್ತ್ರಕ್ಕಷ್ಟೇ ಸೀಮಿತವಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸ್ಥಾನ ನೀಡಲು 1991ರಲ್ಲಿ ಹೊರಟ ಯೂನಿಕೋಡ್ ಕೂಡ ಹದಿನಾರು ಅಂಕಗಳೇ ಸಾಕೆಂದು ಬಗೆದಿತ್ತು. 1996ರಲ್ಲಿ ಆ ಎಲ್ಲೆಯನ್ನು ವಿಸ್ತರಿಸಬೇಕಾಯಿತು. ಅದರಲ್ಲಿ ಕನ್ನಡದ ವಿಭಾಗಕ್ಕೆ ಮೀಸಲಾದದ್ದು 128 ಸ್ಥಾನ. ಹಸ್ತಪ್ರತಿಗಳ ಸೂಚಿಯನ್ನಾಗಲಿ ಶಾಸನಗಳ ಪಟ್ಟಿಯನ್ನಾಗಲಿ ಗಣಕಕ್ಕೆ ಅಳವಡಿಸಲು ತೊಡಗಿದ ನಾವು ಕ್ರಮಸಂಖ್ಯೆಗೆ ನಾಲ್ಕೇ ಅಂಕಗಳ ಅಂಕಣವನ್ನು ಗೆರೆಯೆಳೆದರೆ, ಹತ್ತುಸಾವಿರದ ಓಲೆ ಕಪಾಟಿನಲ್ಲಿದ್ದರೂ ಸೂಚಿಯಲ್ಲಿ ಇರಲಾರದು. ಕಳೆದುಹೋಗುವುದು ಯಾವಾಗಲೂ ವಸ್ತುವೇ ಅಲ್ಲ. ಎಷ್ಟೋ ವೇಳೆ ಅದನ್ನು ಕರೆಯುವ ಸಂಖ್ಯೆ. ಮುಂದಿನ ತಲೆಮಾರಿಗಾಗಿ ಒಂದೆರಡು ಅಂಕಗಳನ್ನು ಹೆಚ್ಚಾಗಿ ಉಳಿಸಿಡುವುದು ದುಂದಲ್ಲ, ದೂರದೃಷ್ಟಿ.