ಜಾಲದ ಮೂಲಕ ಡಿಸ್ಕ್ ಇಮೇಜ್ ಅಳವಡಿಕೆ: ಯಂತ್ರವು ಯಾವ ಹಂತದಲ್ಲಿ ನಿಂತಿತೆಂದು ಗುರುತಿಸುವ ಕ್ರಮ

ಪಾಠದ ಉದ್ದೇಶ

ಗ್ರಾಮ ಪಂಚಾಯಿತಿ ಕಚೇರಿ ಹಾಗೂ ಅರಿವು ಕೇಂದ್ರಗಳ ಕಂಪ್ಯೂಟರ್‌ಗಳ ದುರಸ್ತಿ ಬಿಲ್ಲು, ಬಿಡಿಭಾಗಗಳ ಖರೀದಿ, ಯಂತ್ರಗಳನ್ನು ನಿರುಪಯುಕ್ತವೆಂದು ಘೋಷಿಸುವ ಪ್ರಸ್ತಾವನೆ ಇವೆಲ್ಲವೂ ಅನುಮೋದನೆಗಾಗಿ ಸಾಮಾನ್ಯ ಸಭೆಯ ಮುಂದೆ ಬರುತ್ತವೆ. "ಸಾಫ್ಟ್‌ವೇರ್ ಹಾಕಲು ಆಗುತ್ತಿಲ್ಲ, ಯಂತ್ರ ಕೆಟ್ಟಿದೆ" ಎಂಬ ಒಂದು ಸಾಲಿನ ವರದಿಯ ಮೇಲೆ ಸಾರ್ವಜನಿಕ ಹಣ ವ್ಯಯವಾಗಬಾರದು. ಸದಸ್ಯರು ತಂತ್ರಜ್ಞರಾಗಬೇಕಿಲ್ಲ, ಆದರೆ ಯಂತ್ರವು ಯಾವ ಹಂತದಲ್ಲಿ ನಿಂತಿತು ಎಂದು ಕೇಳುವಷ್ಟು ತಿಳಿವಳಿಕೆ ಇರುವುದು ಅವಶ್ಯಕ. ಅದನ್ನು ಒದಗಿಸುವುದೇ ಈ ಪಾಠದ ಉದ್ದೇಶ.

1. ಇಮೇಜ್ ಮತ್ತು ಜಾಲ-ಬೂಟ್

ಒಂದು ಕಂಪ್ಯೂಟರಿನಲ್ಲಿ ಕಾರ್ಯಾಚರಣ ವ್ಯವಸ್ಥೆ, ನುಡಿ ತಂತ್ರಾಂಶ, ಪ್ರಿಂಟರ್ ಡ್ರೈವರ್ ಮುಂತಾದವುಗಳನ್ನು ಸರಿಯಾಗಿ ಅಳವಡಿಸಿ, ಆ ಡಿಸ್ಕಿನ ಯಥಾಪ್ರತಿಯನ್ನು ಕಡತರೂಪದಲ್ಲಿ ತೆಗೆದಿರಿಸಿದರೆ ಅದೇ ಡಿಸ್ಕ್ ಇಮೇಜ್. ಅದನ್ನು ಉಳಿದ ಯಂತ್ರಗಳಿಗೆ ಬರೆದರೆ ಪ್ರತಿಯೊಂದರಲ್ಲೂ ಮೊದಲಿನಿಂದ ಅಳವಡಿಸುವ ಶ್ರಮ ಉಳಿಯುತ್ತದೆ. ಇದಕ್ಕೆ ಕ್ಲೋನೆಜಿಲ್ಲಾ, ಫಾಗ್ ಮುಂತಾದ ಉಚಿತ ತಂತ್ರಾಂಶಗಳಿವೆ. ವಿಂಡೋಸ್ ಪರವಾನಗಿ ಮಾತ್ರ ಪ್ರತಿ ಯಂತ್ರಕ್ಕೂ ಪ್ರತ್ಯೇಕವಾಗಿ ಇರಲೇಬೇಕು.

ಯಂತ್ರವು ತನ್ನ ಡಿಸ್ಕಿನ ಬದಲು ಕೇಬಲ್ ಮೂಲಕ ಸರ್ವರ್‌ನಿಂದ ಆರಂಭಗೊಳ್ಳುವುದೇ ಜಾಲ-ಬೂಟ್. ಇದರ ನಿಯಮಾವಳಿಯ ಹೆಸರು ಪಿಎಕ್ಸ್‌ಇ. ಇಂಟೆಲ್ ಸಂಸ್ಥೆ ಇದರ 2.1ನೇ ಆವೃತ್ತಿಯನ್ನು 1999ರಲ್ಲಿ ಪ್ರಕಟಿಸಿತು. ವೈಫೈ ಮೂಲಕ ಇದು ಸಾಮಾನ್ಯವಾಗಿ ನಡೆಯುವುದಿಲ್ಲ, ಕೇಬಲ್ ಬೇಕು.

2. ಒಂದು ಉದಾಹರಣೆ

ಅರಿವು ಕೇಂದ್ರವೊಂದರಲ್ಲಿ ಎಂಟು ಯಂತ್ರಗಳಿವೆ ಎಂದು ಭಾವಿಸೋಣ: ನಾಲ್ಕು ಹಳೆಯ ಕಂಪ್ಯೂಟರ್‌ಗಳು, ಎರಡು ಹೊಸ ಕಂಪ್ಯೂಟರ್‌ಗಳು, ದಾನಿಗಳು ನೀಡಿದ ಎರಡು ಲ್ಯಾಪ್‌ಟಾಪ್‌ಗಳು. ಹಳೆಯ ಯಂತ್ರವೊಂದರಿಂದ ತೆಗೆದ ಇಮೇಜ್ ಉಳಿದ ಮೂರು ಹಳೆಯ ಯಂತ್ರಗಳಿಗೆ ಸುಲಭವಾಗಿ ಬಂದಿತು. ಹೊಸ ಯಂತ್ರಗಳೂ ಲ್ಯಾಪ್‌ಟಾಪ್‌ಗಳೂ ನಿಂತುಬಿಟ್ಟವು. ಇವು ನಾಲ್ಕೂ ಕೆಟ್ಟಿವೆಯೆ? ಉತ್ತರಕ್ಕಾಗಿ ಐದು ಹಂತಗಳನ್ನು ಕ್ರಮವಾಗಿ ಪರಿಶೀಲಿಸಬೇಕು.

3. ಐದು ಹಂತಗಳು

ಮೊದಲನೆಯ ಹಂತ: ಕೇಬಲ್ ಮತ್ತು ವಿಳಾಸ. ಪರದೆಯ ಮೇಲಿನ ಸಂಕೇತವನ್ನು ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದಿರಿಸಿದರೆ ಅರ್ಧ ಕೆಲಸ ಮುಗಿದಂತೆ. ಹಳೆಯ ಬಯೋಸ್ ಯಂತ್ರಗಳಲ್ಲಿ ಪಿಎಕ್ಸ್‌ಇ-ಇ61 ಎಂದರೆ ಕೇಬಲ್ ಸಂಪರ್ಕವಿಲ್ಲ. ಇ51 ಎಂದರೆ ಯಂತ್ರಕ್ಕೆ ಜಾಲದ ವಿಳಾಸ ನೀಡುವ ಡಿಎಚ್‌ಸಿಪಿ ಸೇವೆ ಉತ್ತರಿಸಿಲ್ಲ. ಇ53 ಎಂದರೆ ವಿಳಾಸ ಬಂದಿದೆ, ಬೂಟ್ ಕಡತದ ಹೆಸರು ಬಂದಿಲ್ಲ. ಇ32 ಎಂದರೆ ಹೆಸರು ಬಂದಿದೆ, ಕಡತ ನೀಡುವ ಸರ್ವರ್ ಉತ್ತರಿಸುತ್ತಿಲ್ಲ. ಹೊಸ ಯುಇಎಫ್‌ಐ ಯಂತ್ರಗಳಲ್ಲಿ ಇ16 ಎಂಬುದು ವಿಳಾಸ ದೊರೆಯದಿರುವುದನ್ನು ಸೂಚಿಸುತ್ತದೆ. ಇವುಗಳಲ್ಲಿ ಯಾವುದೂ ಯಂತ್ರ ಕೆಟ್ಟಿದೆ ಎಂದು ತಾನಾಗಿಯೇ ಹೇಳುವುದಿಲ್ಲ. ಸರಿಯಾಗಿ ನಡೆದ ಯಂತ್ರದ ಕೇಬಲನ್ನೇ ನಿಂತ ಯಂತ್ರಕ್ಕೆ ಚುಚ್ಚಿ ನೋಡುವುದು ಮೊದಲ ಪರೀಕ್ಷೆ.

ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಕೇಬಲ್ ಕಿಂಡಿಯೇ ಇರುವುದಿಲ್ಲ. ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಬೇಕಾಗುತ್ತದೆ. ಎಲ್ಲ ಅಡಾಪ್ಟರ್‌ಗಳನ್ನೂ ಎಲ್ಲ ಲ್ಯಾಪ್‌ಟಾಪ್‌ಗಳು ಬೂಟ್ ಸಮಯದಲ್ಲಿ ಗುರುತಿಸುವುದಿಲ್ಲ. ಆದ್ದರಿಂದ ಖರೀದಿಗೆ ಮುನ್ನ ಒಂದನ್ನು ಪರೀಕ್ಷಿಸತಕ್ಕದ್ದು. ಒಂದೇ ಅಡಾಪ್ಟರನ್ನು ಎರಡು ಲ್ಯಾಪ್‌ಟಾಪ್‌ಗಳಿಗೆ ಬಳಸಿದರೆ ಸರ್ವರ್ ಎರಡನ್ನೂ ಒಂದೇ ಯಂತ್ರವೆಂದು ಭಾವಿಸಬಹುದು; ಅದು ಯಂತ್ರವನ್ನು ಗುರುತಿಸುವುದು ಸಾಮಾನ್ಯವಾಗಿ ಅಡಾಪ್ಟರಿನ ಮ್ಯಾಕ್ ಸಂಖ್ಯೆಯಿಂದ.

ಎರಡನೆಯ ಹಂತ: ಬೂಟ್ ಕಡತ. ಹಳೆಯ ಯಂತ್ರಗಳು ಬಯೋಸ್ ವಿಧಾನದಲ್ಲಿ, ಹೊಸವು ಯುಇಎಫ್‌ಐ ವಿಧಾನದಲ್ಲಿ ಆರಂಭಗೊಳ್ಳುತ್ತವೆ. ಒಂದರ ಕಡತ ಇನ್ನೊಂದಕ್ಕೆ ಹೊಂದುವುದಿಲ್ಲ. ಸರ್ವರ್ ಬಯೋಸ್ ಕಡತವನ್ನು ಮಾತ್ರ ನೀಡುತ್ತಿದ್ದರೆ ಹಳೆಯ ಯಂತ್ರಗಳು ನಡೆದು ಹೊಸವು ನಿಲ್ಲುತ್ತವೆ. ಯಂತ್ರದ ಬಗೆಯನ್ನು ನೋಡಿ ತಕ್ಕ ಕಡತ ಕೊಡುವಂತೆ ಸರ್ವರ್‌ನಲ್ಲಿ ಸರಿಪಡಿಸಬೇಕು. ಇದಕ್ಕೆ ಬಿಡಿಭಾಗ ಬೇಕಿಲ್ಲ.

ಕಡತ ಬಂದರೂ ಸಹಿ ಸರಿಯಿಲ್ಲವೆಂಬ ಸೂಚನೆ ಕಂಡರೆ ಅದು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಯ ತಡೆ. ಅಳವಡಿಕೆಯ ಅವಧಿಗೆ ಅದನ್ನು ನಿಲ್ಲಿಸಬಹುದು. ಮುಗಿದ ಕೂಡಲೇ ಮತ್ತೆ ಚಾಲನೆಗೊಳಿಸತಕ್ಕದ್ದು. ಡಿಸ್ಕ್ ಬಿಟ್‌ಲಾಕರ್‌ನಿಂದ ಗೂಢೀಕೃತವಾಗಿದ್ದರೆ ಈ ಬದಲಾವಣೆಯ ನಂತರ ಯಂತ್ರವು ರಿಕವರಿ ಕೀ ಕೇಳಬಹುದು. ಕೀ ಕೈಯಲ್ಲಿಲ್ಲದೆ ಇದನ್ನು ಮುಟ್ಟಬಾರದು.

ಮೂರನೆಯ ಹಂತ: ಜಾಲ ಡ್ರೈವರ್. ಹೆಚ್ಚಿನ ಗೊಂದಲ ಉಂಟಾಗುವುದು ಇಲ್ಲಿಯೇ. ಬೂಟ್ ಕಡತ ಜಾಲದ ಮೂಲಕವೇ ಬಂದಿರುತ್ತದೆ. ಮರುಕ್ಷಣವೇ "ಜಾಲವಿಲ್ಲ" ಎಂಬ ಸೂಚನೆ ಬರುತ್ತದೆ. ಕಾರಣ ಸರಳ: ಮೊದಲು ಜಾಲವನ್ನು ನಡೆಸಿದ್ದು ಯಂತ್ರದೊಳಗಿನ ಫರ್ಮ್‌ವೇರ್. ನಂತರ ಇಮೇಜ್ ಬರೆಯುವ ಪುಟ್ಟ ಕಾರ್ಯಾಚರಣ ವ್ಯವಸ್ಥೆ ಹೊಣೆ ವಹಿಸಿಕೊಳ್ಳುತ್ತದೆ. ಅದರಲ್ಲಿ ಆ ಹೊಸ ಜಾಲ ಕಾರ್ಡಿನ ಡ್ರೈವರ್ ಇಲ್ಲದಿದ್ದರೆ ಅದಕ್ಕೆ ಕಾರ್ಡ್ ಕಾಣುವುದೇ ಇಲ್ಲ. ಪರಿಹಾರವೆಂದರೆ ಇಮೇಜ್ ತಂತ್ರಾಂಶದ ಹೊಸ ಆವೃತ್ತಿ, ಕಾರ್ಡ್ ಬದಲಾವಣೆಯಲ್ಲ.

ನಾಲ್ಕನೆಯ ಹಂತ: ಡಿಸ್ಕ್. ಹೊಸ ಯಂತ್ರಗಳಲ್ಲಿ ಎನ್‌ವಿಎಂಇ ಡಿಸ್ಕ್ ಇದ್ದು, ಸೆಟಪ್‌ನಲ್ಲಿ ರೇಡ್ ಅಥವಾ ವಿಎಂಡಿ ಆಯ್ಕೆ ಚಾಲನೆಯಲ್ಲಿದ್ದರೆ ಇಮೇಜ್ ತಂತ್ರಾಂಶಕ್ಕೆ ಡಿಸ್ಕ್ ಕಾಣಿಸದಿರಬಹುದು. ಡಿಸ್ಕ್ ಕೆಟ್ಟಿಲ್ಲ; ಆಯ್ಕೆಯನ್ನು ಎಎಚ್‌ಸಿಐಗೆ ಬದಲಿಸಿ ಅಥವಾ ವಿಎಂಡಿ ನಿಲ್ಲಿಸಿ ನೋಡಬೇಕು. ಆದರೆ ಹೀಗೆ ಬದಲಿಸಿದಾಗ ಡಿಸ್ಕಿನಲ್ಲಿ ಈಗಾಗಲೇ ಇರುವ ವಿಂಡೋಸ್ ಆರಂಭಗೊಳ್ಳದಿರಬಹುದು. ಮೊದಲಿನ ಆಯ್ಕೆಯನ್ನು ಬರೆದಿಟ್ಟುಕೊಳ್ಳಬೇಕು. ಮೂಲ ಡಿಸ್ಕಿಗಿಂತ ಚಿಕ್ಕ ಡಿಸ್ಕಿಗೆ ಇಮೇಜ್ ಬರೆಯುವಾಗಲೂ ಅಡ್ಡಿಯಾಗುತ್ತದೆ.

ಐದನೆಯ ಹಂತ: ಬರೆದ ನಂತರದ ಆರಂಭ. ಬಯೋಸ್ ಯಂತ್ರದಿಂದ ತೆಗೆದ ಇಮೇಜ್ ಯುಇಎಫ್‌ಐ ಯಂತ್ರಕ್ಕೆ ಪೂರ್ಣವಾಗಿ ಬರೆಯಲ್ಪಟ್ಟರೂ ಅಲ್ಲಿ ಆರಂಭಗೊಳ್ಳದು. ಡಿಸ್ಕಿನ ವಿಭಾಗ ವಿನ್ಯಾಸವೇ ಬೇರೆ. ಇತ್ತೀಚಿನ ಅನೇಕ ಯಂತ್ರಗಳಲ್ಲಿ ಹಳೆಯ ಬಯೋಸ್ ವಿಧಾನವೇ ಇಲ್ಲ. ಆದ್ದರಿಂದ ಹೊಸ ಪೀಳಿಗೆಯ ಯಂತ್ರಗಳಿಗೆ ಅವುಗಳಲ್ಲೊಂದರಿಂದಲೇ ಎರಡನೆಯ ಇಮೇಜ್ ತೆಗೆಯುವುದು ಸೂಕ್ತ. ವಿಂಡೋಸ್ ಆದರೆ ಇಮೇಜ್ ತೆಗೆಯುವ ಮುನ್ನ ಸಿಸ್‌ಪ್ರೆಪ್ ನಡೆಸಬೇಕು.

4. ನಿಧಾನಗತಿಯ ಲೆಕ್ಕ

ಗಿಗಾಬಿಟ್ ವೇಗಕ್ಕೆ ಕೇಬಲಿನ ನಾಲ್ಕೂ ಜೋಡಿ ತಂತಿಗಳು ಬೇಕು. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಒಂದು ಜೋಡಿ ಕಡಿದಿದ್ದರೂ ಸಂಪರ್ಕ ಉಳಿದು ವೇಗ ಮಾತ್ರ ಕುಸಿಯಬಹುದು. 20 ಗಿಗಾಬೈಟ್ ಇಮೇಜಿಗೆ ಗಿಗಾಬಿಟ್ ಜಾಲದಲ್ಲಿ ಲೆಕ್ಕದ ಪ್ರಕಾರ 3 ನಿಮಿಷಕ್ಕೂ ಕಡಿಮೆ, 100 ಮೆಗಾಬಿಟ್‌ನಲ್ಲಿ ಸುಮಾರು 27 ನಿಮಿಷ. ವಾಸ್ತವದಲ್ಲಿ ಇನ್ನೂ ಹೆಚ್ಚು. ಒಂದೇ ಯಂತ್ರ ವಿಪರೀತ ನಿಧಾನವಾದರೆ ಮೊದಲು ಕೇಬಲನ್ನು ಸಂಶಯಿಸಬೇಕು.

5. ತಪ್ಪದೆ ಪಾಲಿಸಬೇಕಾದ ಎಚ್ಚರಿಕೆಗಳು

(ಅ) ಇಮೇಜ್ ಬರೆದಾಗ ಡಿಸ್ಕಿನಲ್ಲಿರುವ ಹಳೆಯದೆಲ್ಲವೂ ಅಳಿಸಿಹೋಗುತ್ತದೆ. ಪಂಚತಂತ್ರ, ಇ-ಸ್ವತ್ತು ದತ್ತಾಂಶವು ಸರ್ವರ್‌ನಲ್ಲಿರುತ್ತದೆ. ಆದರೆ ನುಡಿಯಲ್ಲಿ ಬೆರಳಚ್ಚಿಸಿದ ನಡಾವಳಿ ಕರಡುಗಳು, ಕಾಮಗಾರಿ ಛಾಯಾಚಿತ್ರಗಳು, ಸ್ಕ್ಯಾನ್ ಮಾಡಿದ ಅರ್ಜಿಗಳು ಆ ಡಿಸ್ಕಿನಲ್ಲಿ ಮಾತ್ರ ಇರಬಹುದು. ಅವುಗಳ ಪ್ರತಿ ತೆಗೆದು, ತೆರೆದು ನೋಡಿ, ದೃಢೀಕರಿಸಿದ ನಂತರವೇ ಮುಂದುವರಿಯತಕ್ಕದ್ದು.

(ಆ) ಈ ಕೆಲಸಕ್ಕೆ ಪ್ರತ್ಯೇಕ ಸ್ವಿಚ್ ಬಳಸಬೇಕು. ಕಚೇರಿಯ ಜಾಲದಲ್ಲಿ ಎರಡನೆಯ ಡಿಎಚ್‌ಸಿಪಿ ಸೇವೆ ಆರಂಭಿಸಿದರೆ ಉಳಿದ ಯಂತ್ರಗಳಿಗೆ ತಪ್ಪು ವಿಳಾಸ ಹೋಗಿ ಸಾರ್ವಜನಿಕ ಸೇವೆ ನಿಲ್ಲಬಹುದು.

(ಇ) ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲಿತಾಂಶ ಬರೆದಿಡಬೇಕು.

6. ಉದಾಹರಣೆಯ ಫಲಿತಾಂಶ ಮತ್ತು ಸದಸ್ಯರ ಪಾತ್ರ

ಮೇಲಿನ ಅರಿವು ಕೇಂದ್ರದಲ್ಲಿ ಹೊಸ ಯಂತ್ರಗಳೆರಡೂ ಎರಡನೆಯ ಹಂತದಲ್ಲಿ ನಿಂತಿದ್ದವು. ಸರ್ವರ್ ಸರಿಪಡಿಸಿದ ಬಳಿಕ ಮೂರನೆಯದರಲ್ಲಿ ನಿಂತವು. ತಂತ್ರಾಂಶದ ಹೊಸ ಆವೃತ್ತಿ ಮತ್ತು ಪ್ರತ್ಯೇಕ ಇಮೇಜ್‌ನಿಂದ ಕೆಲಸ ಪೂರ್ಣಗೊಂಡಿತು. ಲ್ಯಾಪ್‌ಟಾಪ್‌ಗಳಿಗೆ ತಕ್ಕ ಅಡಾಪ್ಟರ್‌ಗಳು ಬೇಕಾದವು. ಆದ ಖರ್ಚು ಎರಡು ಅಡಾಪ್ಟರ್‌ಗಳದ್ದು. ನಿರುಪಯುಕ್ತವಾದ ಯಂತ್ರ ಒಂದೂ ಇಲ್ಲ. ಹಂತವನ್ನು ಕೇಳದೆ ಸಹಿ ಹಾಕಿದ್ದರೆ ನಾಲ್ಕು ಸುಸ್ಥಿತಿಯ ಯಂತ್ರಗಳು ದಾಸ್ತಾನು ವಹಿಯಿಂದ ಹೊರಹೋಗಿ, ಓದಲು ಬರುವ ಮಕ್ಕಳಿಗೆ ನಾಲ್ಕು ಆಸನಗಳು ಖಾಲಿಯಾಗುತ್ತಿದ್ದವು.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಯಂತ್ರವು ಯಾವ ಹಂತದಲ್ಲಿ ನಿಂತಿತು? ಪರದೆಯ ಛಾಯಾಚಿತ್ರ ಇದೆಯೆ?
2. ಅದೇ ಕೇಬಲ್, ಅದೇ ಸ್ವಿಚ್‌ನಲ್ಲಿ ಬೇರೆ ಯಂತ್ರ ನಡೆಯಿತೆ?
3. ಬಯೋಸ್ ಅಥವಾ ಯುಇಎಫ್‌ಐ, ಡಿಸ್ಕ್ ಆಯ್ಕೆ, ತಂತ್ರಾಂಶದ ಆವೃತ್ತಿ ಇವನ್ನು ಪರಿಶೀಲಿಸಲಾಗಿದೆಯೆ?
4. ಹಳೆಯ ಕಡತಗಳ ಪ್ರತಿ ಎಲ್ಲಿದೆ? ದೃಢೀಕರಿಸಿದವರು ಯಾರು?
5. ಹೊಸ ಖರೀದಿಯಲ್ಲಿ ಜಾಲ-ಬೂಟ್ ಸೌಲಭ್ಯ ಮತ್ತು ಕೇಬಲ್ ಕಿಂಡಿ ಇರಬೇಕೆಂಬ ಷರತ್ತನ್ನು ಸೇರಿಸಲಾಗಿದೆಯೆ?

ಈ ಐದು ಪ್ರಶ್ನೆಗಳಿಗೆ ಲಿಖಿತ ಉತ್ತರ ದೊರೆತ ನಂತರವೇ ಪ್ರಸ್ತಾವನೆಯನ್ನು ನಿರ್ಣಯಕ್ಕೆ ತೆಗೆದುಕೊಳ್ಳುವುದು ಸೂಕ್ತ.