ಚೀಲಕ್ಕೆ ಹಣ ಕೊಡಿ, ಟೆಂಟಿಗೆ ಲೆಕ್ಕ ಕೇಳಿ

ಕೆಲವು ವರ್ಷಗಳ ಹಿಂದೆ, ಮಳೆಗಾಲ ಹಿಡಿಯುವ ಮುಂಚೆ, ಸೈಕಲ್ಲಿನ ಒಂದು ಸ್ಯಾಡಲ್ ಬ್ಯಾಗಿಗೆ 13,500 ರೂಪಾಯಿ ಕೊಟ್ಟೆ. ಹದಿನಾರು ಲೀಟರಿನ ರೋಲ್‌ಟಾಪ್, ಹೊಲಿಗೆಯಿಲ್ಲದೆ ಬೆಸೆದ ಟಿಪಿಯು ಬಟ್ಟೆ, ಹಾರ್ನೆಸ್ಸಿನಿಂದ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯಬಹುದಾದ ಡ್ರೈಬ್ಯಾಗ್. ಮಾಲು ಹೊರದೇಶದ್ದು, ಕಸ್ಟಮ್ಸ್ ಸುಂಕವೂ ಆ ಬೆಲೆಯಲ್ಲೇ ಸೇರಿತ್ತು. ಕುಂದಾಪುರದ ಕುಶನ್ ಅಂಗಡಿಯವರು ಅದನ್ನು ತಿರುವಿ ಮುರುವಿ ನೋಡಿ, "ಮಾರ್ರೆ, ಒಂದ್ ಚೀಲಕ್ಕೆ ಇಷ್ಟ್ ದುಡ್ ಕೊಟ್ರ್ಯಾ?" ಎಂದು ಕೇಳಿದರು. ಮನೆಯಲ್ಲೂ ಅದೇ ಪ್ರಶ್ನೆ.

ಅದೇ ಸುಮಾರಿಗೆ ನನ್ನ ಅಕ್ಕನ ಮಗ 23,000 ರೂಪಾಯಿಯ ಕ್ಯಾಂಪಿಂಗ್ ಕಾಂಬೊ ತರಿಸಿದ. ಟೆಂಟ್, ಸ್ಲೀಪಿಂಗ್ ಬ್ಯಾಗ್, ಮ್ಯಾಟ್, ಸ್ಟವ್ ಮತ್ತು ಪಾತ್ರೆ, ಎಲ್ಲವೂ ನೋ-ಕಾಸ್ಟ್ ಇಎಂಐನಲ್ಲಿ. ಅವನನ್ನು ಯಾರೂ ಏನೂ ಕೇಳಲಿಲ್ಲ. ತಿಂಗಳಿಗೆ ಎರಡು ಸಾವಿರದೊಳಗಿನ ಕಂತು ಯಾರ ಕಣ್ಣಿಗೂ ಬೀಳುವುದಿಲ್ಲ. ಒಟ್ಟಿಗೆ ಕೊಟ್ಟ ಹಣ ಮಾತ್ರ ಎಲ್ಲರಿಗೂ ಕಾಣುತ್ತದೆ. ಸೈಕಲ್ಲಿಗೆ ಸಾಮಾನು ಕಟ್ಟಿ ತಿರುಗುವ ಬೈಕ್‌ಪ್ಯಾಕಿಂಗ್‌ಗೆ ಹಣ ಹಾಕುವವರೆಲ್ಲ ಮೊದಲು ಗಮನಿಸಬೇಕಾದದ್ದು ಇದನ್ನೇ.

ನನ್ನ ಚೀಲದ ಸಮರ್ಥನೆ ಸರಳವಾದದ್ದು. ನಮ್ಮ ಊರುಗಳಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೆದ್ದಾರಿ 66ರಲ್ಲಿ ಲಾರಿಯೊಂದು ಪಕ್ಕದಲ್ಲಿ ಹಾದರೆ ಮೇಲಿನ ಮಳೆಗಿಂತ ಕೆಳಗಿನ ನೀರೇ ಹೆಚ್ಚು ಹಾರುತ್ತದೆ. ಹಿಂದಿನ ಚಕ್ರದ ಅಷ್ಟೂ ಕೆಸರು ಬಂದು ಬಡಿಯುವುದು ಸ್ಯಾಡಲ್ ಬ್ಯಾಗಿನ ಹೊಟ್ಟೆಗೆ. ಪಿಯು ಲೇಪನದ ಅಗ್ಗದ ನೈಲಾನ್ ಚೀಲ ಹೊಸತರಲ್ಲಿ ನೀರು ತಡೆಯುತ್ತದೆ, ಸುಳ್ಳಲ್ಲ. ಆದರೆ ತೇವದ ಗಾಳಿಯಲ್ಲಿ ಪಿಯು ಕೊಳೆಯುತ್ತದೆ. ಮೊದಲು ಅಂಟಂಟಾಗುತ್ತದೆ, ಆಮೇಲೆ ಪದರ ಪದರವಾಗಿ ಏಳುತ್ತದೆ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಅಲ್ಲಿನ ಉಪ್ಪುಗಾಳಿ ಲೋಹದ ಜಿಪ್ಪನ್ನು ಒಂದೇ ಹಂಗಾಮಿನಲ್ಲಿ ಹಿಡಿದುಹಾಕುತ್ತದೆ. ಜಿಪ್ಪೇ ಇಲ್ಲದ, ಬಾಯಿ ಸುತ್ತಿ ಮುಚ್ಚುವ ಚೀಲಕ್ಕೆ ಹೆಚ್ಚು ಹಣ ಕೊಡಬೇಕು ಎನ್ನುವುದು ಇದಕ್ಕೇ.

ಎಲ್ಲ ಚೀಲಕ್ಕೂ ಹಾಗೆ ಕೊಡಬೇಕಾಗಿಲ್ಲ. ಫ್ರೇಮ್ ಬ್ಯಾಗನ್ನು ನಾನು ಅದೇ ಕುಶನ್ ಅಂಗಡಿಯಲ್ಲಿ ಹೊಲಿಸಿದೆ. ರಟ್ಟಿನಲ್ಲಿ ಫ್ರೇಮಿನ ತ್ರಿಕೋನದ ಅಳತೆ ಕತ್ತರಿಸಿ ಕೊಟ್ಟರೆ ಸಾಕು, ಆಟೋ ಹುಡ್ಡಿಗೆ ಹಾಕುವ ರೆಕ್ಸಿನ್‌ನಲ್ಲಿ ಒಂಬೈನೂರು ರೂಪಾಯಿಗೆ ಮಾಡಿಕೊಟ್ಟರು. ಟ್ಯೂಬು, ಪಂಪು, ಸ್ಪ್ಯಾನರ್, ನೀರು ಅದರಲ್ಲಿ ಹೋಗುತ್ತವೆ. ಒದ್ದೆಯಾದರೆ ನಷ್ಟವಿಲ್ಲ, ಭಾರವೂ ಸೈಕಲ್ಲಿನ ನಡುವಿನಲ್ಲಿ ತಗ್ಗಿನಲ್ಲಿ ಕೂರುತ್ತದೆ. ಹ್ಯಾಂಡಲ್ ಬಾರಿಗೆ ಕಟ್ಟುವುದು ಹಗುರವಾದದ್ದು ಮಾತ್ರ, ಅದಕ್ಕೆ ಸಾಮಾನ್ಯ ಡ್ರೈಬ್ಯಾಗ್ ಮತ್ತು ಎರಡು ಬೆಲ್ಟು ಧಾರಾಳ. ಕುಳ್ಳಗಿನವರ ಸೈಕಲ್ಲಿನಲ್ಲಿ ಸೀಟಿಗೂ ಹಿಂದಿನ ಟೈರಿಗೂ ನಡುವೆ ದೊಡ್ಡ ಸ್ಯಾಡಲ್ ಬ್ಯಾಗಿಗೆ ಜಾಗ ಇರುವುದಿಲ್ಲ. ಅಂಥವರು ಕ್ಯಾರಿಯರ್ ಹಾಕಿಸಿ ಪ್ಯಾನಿಯರ್ ಕೊಳ್ಳುವುದೇ ಸರಿ.

ಇನ್ನು ಟೆಂಟಿನ ಲೆಕ್ಕ. ಕಾಗದ, ಪೆನ್ನು ತೆಗೆದುಕೊಳ್ಳಿ.

ಕಾಂಬೊ ಬೆಲೆ 23,000. ಅಷ್ಟೇ ಹಣವನ್ನು ಶೇಕಡಾ 7ರ ಎಫ್‌ಡಿಯಲ್ಲಿ ನಾಲ್ಕು ವರ್ಷ ಇಟ್ಟಿದ್ದರೆ, ವರ್ಷಕ್ಕೊಮ್ಮೆ ಚಕ್ರಬಡ್ಡಿ ಸೇರಿ 30,148 ಆಗುತ್ತಿತ್ತು. ನಾಲ್ಕು ವರ್ಷವೇ ಏಕೆಂದರೆ ನಮ್ಮ ತೇವದಲ್ಲಿ ಟೆಂಟಿನ ಲೇಪನಕ್ಕೆ ಅದಕ್ಕಿಂತ ಹೆಚ್ಚು ಆಯುಷ್ಯ ಹಿಡಿಯಲು ನನಗೆ ಧೈರ್ಯವಿಲ್ಲ. ಕೊನೆಗೆ ಎಲ್ಲವನ್ನೂ ಸೆಕೆಂಡ್ ಹ್ಯಾಂಡ್ ಮಾರಿ 5,000 ಬಂತು ಎಂದಿಟ್ಟುಕೊಳ್ಳಿ. ಉಳಿದ ಖರ್ಚು 25,148. ವರ್ಷಕ್ಕೆ ಆರು ರಾತ್ರಿ ಹೊರಗೆ ಮಲಗಿದರೆ ನಾಲ್ಕು ವರ್ಷಕ್ಕೆ ಇಪ್ಪತ್ತನಾಲ್ಕು ರಾತ್ರಿ. ಭಾಗಿಸಿದರೆ ರಾತ್ರಿಯೊಂದಕ್ಕೆ 1,048 ರೂಪಾಯಿ. ಇದು ಒಬ್ಬರಿಗೆ.

ಈಗ ಒಂದು ಸಾಧಾರಣ ಲಾಡ್ಜಿನ ರೂಮಿಗೆ ಸಾವಿರ ರೂಪಾಯಿ ಹಿಡಿಯಿರಿ. ಇಬ್ಬರು ಹಂಚಿಕೊಂಡರೆ ತಲೆಗೆ ಐನೂರು. ಫ್ಯಾನು, ಸ್ನಾನದ ನೀರು, ಫೋನ್ ಚಾರ್ಜಿಂಗ್ ಎಲ್ಲವೂ ಅದರಲ್ಲಿ ಬಂತು. ಟೆಂಟು ಈ ಐನೂರಕ್ಕೆ ಸರಿಗಟ್ಟಬೇಕಾದರೆ ನಾಲ್ಕು ವರ್ಷದಲ್ಲಿ ಐವತ್ತು ರಾತ್ರಿ, ಅಂದರೆ ವರ್ಷಕ್ಕೆ ಹನ್ನೆರಡು ಹದಿಮೂರು ರಾತ್ರಿ ಅದರಲ್ಲೇ ಮಲಗಬೇಕು. ಮಳೆಗಾಲ ಕಳೆದು, ಬೇಸಿಗೆಯ ಸೆಕೆ ಏರುವ ಮೊದಲು ನಮಗೆ ಸಿಗುವುದು ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಆರು ತಿಂಗಳು. ಅಷ್ಟರಲ್ಲಿ ತಿಂಗಳಿಗೆ ಎರಡು ರಾತ್ರಿ, ತಪ್ಪದೆ, ನಾಲ್ಕು ವರ್ಷ. ಮನೆ, ಕೆಲಸ, ಮದುವೆ, ಕಂಬಳ, ಯಕ್ಷಗಾನ ಇರುವ ನಮ್ಮ ಚಳಿಗಾಲದಲ್ಲಿ ಅದು ಸಾಧ್ಯವೇ ಎಂದು ನೀವೇ ಹೇಳಬೇಕು.

ನನ್ನ ಚೀಲಕ್ಕೂ ಅದೇ ಸೂತ್ರ ಹಾಕಿದ್ದೇನೆ. ಬಡ್ಡಿ ಸೇರಿ 17,696, ಮಾರಾಟ ಬೆಲೆ ಸೊನ್ನೆ. ಮಳೆಗಾಲದಲ್ಲಿ ಕೆಲಸಕ್ಕೆ ಹೋಗುವಾಗಲೂ ಒಣ ಬಟ್ಟೆ, ಕಾಗದಪತ್ರ ಅದರಲ್ಲೇ ಹೋಗುವುದರಿಂದ ವರ್ಷಕ್ಕೆ ನೂರು ದಿನದ ಬಳಕೆ ಹಿಡಿದರೂ ದಿನಕ್ಕೆ 44 ರೂಪಾಯಿ.

ಟೆಂಟ್ ಹಾಕುವುದಾದರೂ ಎಲ್ಲಿ? ಕೊಲ್ಲೂರಿನ ಸುತ್ತಿನ ಕಾಡು ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದ್ದು, ಅನುಮತಿಯಿಲ್ಲದೆ ಅಲ್ಲಿ ರಾತ್ರಿ ಕಳೆಯುವುದು ಅಪರಾಧ. ಕುಂದಾಪುರದ ಕೋಡಿ ಕಡಲತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಚಳಿಗಾಲದ ರಾತ್ರಿಗಳಲ್ಲಿ ಮೊಟ್ಟೆಯಿಡಲು ಬರುತ್ತವೆ. ಅಲ್ಲಿ ಟಾರ್ಚು ಬೆಳಗಿಸಿ ಗೂಟ ಹೊಡೆಯುವುದು ಸರಿಯಲ್ಲ. ಪರಿಚಯದವರ ತೆಂಗಿನ ತೋಟ, ಕೇಳಿ ಪಡೆದ ಶಾಲೆಯ ಜಗಲಿ, ನೆಂಟರ ಮನೆಯ ಅಂಗಳ ಉಳಿಯುತ್ತವೆ. ಅಂಥ ಕಡೆ ಬೇಕಾಗುವುದು ಸೊಳ್ಳೆಪರದೆ, ತೋಟಕ್ಕೆ ತರುವಂಥದ್ದೇ ಒಂದು ಟಾರ್ಪಾಲು, ಒಂದು ಹಗ್ಗ, ಒಂದು ಬೆಡ್‌ಶೀಟು. ಡಿಸೆಂಬರ್, ಜನವರಿಯಲ್ಲೂ ಕರಾವಳಿಯ ರಾತ್ರಿ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಸೊನ್ನೆ ಡಿಗ್ರಿಯ ಸ್ಲೀಪಿಂಗ್ ಬ್ಯಾಗಿನಲ್ಲಿ ಬೆವರುವುದಕ್ಕೆ 4,500 ರೂಪಾಯಿ ಯಾಕೆ? ಬಾಳೆಬರೆ ಘಾಟಿ ಹತ್ತಿ ಹೊಸನಗರದ ಕಡೆ ಹೋಗುವವರಿಗೆ, 1,343 ಮೀಟರ್ ಎತ್ತರದ ಕೊಡಚಾದ್ರಿಯ ಮಗ್ಗುಲಲ್ಲಿ ಉಳಿಯುವವರಿಗೆ ಚಳಿಯ ಮಾತು ಬೇರೆ. ಅದಕ್ಕೂ ಒಂದು ದಪ್ಪ ಕಂಬಳಿ ಸಾಕು.

ಹೀಗಿರುವಾಗ ಕಾಂಬೊ ಕಿಟ್ ಎಂಬುದನ್ನು ಕಂಡರೆ ನನಗೆ ಸಹನೆ ಉಳಿಯುವುದಿಲ್ಲ. ನಾಲ್ಕು ಸಾಮಾನಿನಲ್ಲಿ ಒಂದು ಬೇಕಾದದ್ದು, ಮೂರು ಬೇಡವಾದದ್ದು, ಒಟ್ಟು ಬೆಲೆ ಮಾತ್ರ "ರಿಯಾಯಿತಿ". ಅದರ ಮೇಲೆ ನೋ-ಕಾಸ್ಟ್ ಇಎಂಐ. 2013ರ ಸೆಪ್ಟೆಂಬರಿನಲ್ಲೇ ರಿಸರ್ವ್ ಬ್ಯಾಂಕ್ ತನ್ನ ಸುತ್ತೋಲೆಯಲ್ಲಿ ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ಬ್ಯಾಂಕುಗಳಿಗೆ ತಿಳಿಸಿತ್ತು. ಇಂದಿಗೂ ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಬ್ಯಾಂಕ್ ಬಡ್ಡಿ ಹಾಕುತ್ತದೆ, ಮಾರುವವರು ಅಷ್ಟನ್ನು ಬೆಲೆಯಲ್ಲಿ ಕಳೆದು ತೋರಿಸುತ್ತಾರೆ. ಬಡ್ಡಿಯ ಮೇಲಿನ ಶೇಕಡಾ 18 ಜಿಎಸ್‌ಟಿಯೂ ಪ್ರೊಸೆಸಿಂಗ್ ಫೀಯೂ ಕೊಳ್ಳುವವರ ತಲೆಗೇ ಬರುತ್ತವೆ. ಸಾಲ ಮಾಡಿ ತಿರುಗಾಟದ ಸಾಮಾನು ಕೊಳ್ಳಬೇಡಿ. ವಾರಾಂತ್ಯದ ಸಂತೋಷಕ್ಕೆ ಹನ್ನೆರಡು ತಿಂಗಳ ಕಂತು ಯಾವ ಲೆಕ್ಕದಲ್ಲೂ ಸರಿಹೋಗುವುದಿಲ್ಲ.

ಬೆಲೆಗಿಂತ ಹೆಚ್ಚು ಉಳಿತಾಯ ಇರುವುದು ಅಭ್ಯಾಸದಲ್ಲಿ. ಮರವಂತೆ, ಒತ್ತಿನೆಣೆ ಕಡೆ ಹೋಗಿ ಬಂದ ದಿನವೇ ಚೀಲ, ಬಕಲ್ಲು, ಬೆಲ್ಟುಗಳನ್ನು ಸಿಹಿನೀರಿನಲ್ಲಿ ತೊಳೆಯಿರಿ. ನೆರಳಲ್ಲಿ ಒಣಗಿಸಿ, ಸುತ್ತದೆ ಸಡಿಲವಾಗಿ ತೂಗುಹಾಕಿ. ಒದ್ದೆ ಟೆಂಟನ್ನು ಅದರ ಚೀಲಕ್ಕೆ ತುರುಕಿ ಅಟ್ಟಕ್ಕೆ ಎಸೆದರೆ ಆಸಾಡಿ ಮುಗಿಯುವಷ್ಟರಲ್ಲಿ ಬೂಸ್ಟು ಹಿಡಿದಿರುತ್ತದೆ. ಆಮೇಲೆ ಕಂಪನಿಯನ್ನು ದೂರಿ ಫಲವಿಲ್ಲ. ಪ್ರತಿ ಸವಾರಿಯಿಂದ ಬಂದ ಮೇಲೆ, ಹೊತ್ತೊಯ್ದು ಬಳಸದೆ ತಂದ ಸಾಮಾನುಗಳನ್ನು ಪುಸ್ತಕದಲ್ಲಿ ಬರೆದಿಡಿ. ಎರಡು ಸಲ ಆ ಪಟ್ಟಿಗೆ ಬಂದದ್ದು ಮೂರನೇ ಸಲ ಮನೆಯಲ್ಲೇ ಇರಲಿ. ತಿಂಗಳಿಗೆ ಐನೂರು ರೂಪಾಯಿ ಬೇರೆ ಆರ್‌ಡಿಯಲ್ಲಿ ಹಾಕಿ, ಅದು ತುಂಬಿದ ಮೇಲೆಯೇ ಮುಂದಿನ ಸಾಮಾನು.

ಟೆಂಟೇ ಬೇಡ ಎನ್ನುವುದಿಲ್ಲ. ಬ್ರಹ್ಮಾವರದಿಂದ ಗೋಕರ್ಣ, ಅಲ್ಲಿಂದ ಗೋವಾ ಎಂದು ವಾರಗಟ್ಟಲೆ ಹೋಗುವವರಿಗೆ ಅದು ಬೇಕು, ಅವರ ಲೆಕ್ಕವೂ ಸರಿಬರುತ್ತದೆ. ಉಳಿದವರು ಗೆಳೆಯರು ನಾಲ್ವರು ಸೇರಿ ಒಂದು ಟೆಂಟ್ ಕೊಂಡು ಸರದಿಯಲ್ಲಿ ಬಳಸಿ. ಅದಕ್ಕೂ ಮೊದಲು ಒಬ್ಬರಿಂದ ಕೇಳಿ ತಂದು, ನಿಮ್ಮದೇ ಅಂಗಳದಲ್ಲಿ ಒಂದು ರಾತ್ರಿ ಮಲಗಿ ನೋಡಿ. ಬೆಳಿಗ್ಗೆ ಎದ್ದು ಮತ್ತೆ ಮಲಗಬೇಕು ಅನ್ನಿಸಿದರೆ ಮಾತ್ರ ಹಣ ತೆಗೆಯಿರಿ, ಅದೂ ಕಂತಿಲ್ಲದೆ.