ಚದುರಂಗದ ಪ್ರವೀಣನು ಕಾಣುವುದೇನನ್ನು?

ಬಿಡುವಿನ ವೇಳೆಯಲ್ಲಿ ಚದುರಂಗವಾಡುವ ನಾವು, ಪ್ರವೀಣರ ಆಟವನ್ನು ಕಂಡು, ಅವರ ಜ್ಞಾಪಕಶಕ್ತಿಯೇ ಅಸಾಧಾರಣವಾದುದೆಂದು ಭಾವಿಸುವುದುಂಟು. ಇದು ನಿಜವೇ? ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನೋಡೋಣ.

ನಿಜವಾದ ಆಟದ ನಡುವಿನಿಂದ ಆಯ್ದ, ಸುಮಾರು 24 ಕಾಯಿಗಳುಳ್ಳ ಮಣೆಯನ್ನು 5 ಸೆಕೆಂಡು ತೋರಿಸಿ ಮರೆಮಾಡಲಾಯಿತು. ನೆನಪಿನಿಂದ ಅದನ್ನು ಮತ್ತೆ ಜೋಡಿಸುವಾಗ ಪ್ರವೀಣನು ಸುಮಾರು 16 ಕಾಯಿಗಳನ್ನು ಸರಿಯಾಗಿ ಇರಿಸಿದನು. ಹೊಸಬನು ಸುಮಾರು 4ನ್ನು ಮಾತ್ರ. ಆದರೆ ಕಾಯಿಗಳನ್ನು ಮನಬಂದಂತೆ ಚೆದುರಿಸಿಟ್ಟು ತೋರಿಸಿದಾಗ ಈ ಅಂತರವು ಬಹುಮಟ್ಟಿಗೆ ಅಳಿಸಿಹೋಯಿತು!

ಇದರಿಂದ ತಿಳಿಯುವುದೇನು? ಪ್ರವೀಣನು ಬಿಡಿ ಕಾಯಿಗಳನ್ನು ನೆನಪಿಡುವುದಿಲ್ಲ. ಅಕ್ಷರಗಳನ್ನು ಒಂದೊಂದಾಗಿ ಎಣಿಸದೆ ನಾವು ಪದವನ್ನೇ ಓದುವಂತೆ, ಮೂಲೆ ಸೇರಿದ ರಾಜ, ಪಕ್ಕದ ಆನೆ, ಮುಂದಿನ ಮೂರು ಪದಾತಿಗಳು, ಇವೆಲ್ಲವನ್ನೂ ಆತನು ಒಂದೇ ಗುಂಪಾಗಿ ಗುರುತಿಸುತ್ತಾನೆ. ಇಂಥ ಗುಂಪುಗಳ ಪರಿಚಯವು ಅಭ್ಯಾಸದ ಫಲ.

ಆದುದರಿಂದ ನಾವು ನಿರಾಶರಾಗಬೇಕಿಲ್ಲ. ಪ್ರವೀಣರ ಆಟವೊಂದನ್ನು ಮಣೆಯ ಮೇಲೆ ಆಡಿನೋಡುವಾಗ, ಮುಂದಿನ ನಡೆಯನ್ನು ಕಾಗದದಿಂದ ಮುಚ್ಚಿ, ಮೊದಲು ನಾವೇ ಊಹಿಸೋಣ. ಬಳಿಕ ತೆರೆದು ಹೋಲಿಸಿ, ವ್ಯತ್ಯಾಸಕ್ಕೆ ಕಾರಣವನ್ನು ಹುಡುಕೋಣ. ಪ್ರವೀಣರಾಗದಿದ್ದರೂ, ಅವರ ಆಟವನ್ನು ಓದಿ ಆನಂದಿಸುವ ಕಣ್ಣು ನಮಗೂ ಬಂದೀತು.